ಬಂಡೂಕಾಕಾನ ಮಾತು ಕೇಳದ ಇಲಿ

ನಾನು ಖರೇ ಹೇಳುತ್ತೇನೆ ಎಂದು ಬಾಯಿ ತೆರೆದರೆ ಸೂಪರ್ ಮಾರ್ಕೆಟಿನ ನಮ್ಮ ಸಾಲಿನ ಅಂಗಡಿಯವರು ಮೊದಲು ನಕ್ಕು ಆಮೇಲೆ ಕೇಳುತ್ತಾರೆ. ನೀವೂ ಬೇಕಾದರೆ ಈಗಲೇ ನಕ್ಕುಬಿಡಿ. ಇದು ಮಾತ್ರ ಖರೇನೇ ನಡೆದದ್ದು.

ನನ್ನ ಹೆಸರು ಮಾಳಿಂಗ. ಬಿಎಸ್ಸಿ ಮುಗಿಸಿ ರಾಜೇಶ್ರೀ ಅಕ್ಕನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೇನೆ. ಡಿಗ್ರಿ ವಿಜ್ಞಾನದ್ದಾದರೂ ನನ್ನ ವಿದ್ಯೆಯೆಲ್ಲ ಗಂಟಲಿನದು. ಬಸ್ ಸ್ಟ್ಯಾಂಡಿನ ಮೈಕು, ಪ್ರಿನ್ಸಿಪಾಲರ ಕೆಮ್ಮು, ಸೇಡಂ ರಸ್ತೆಯ ದವಾಖಾನೆಯಲ್ಲಿ ಟೋಕನ್ ಕೂಗುವ ಹೆಣ್ಣುಮಗಳು, ಯಾರ ದನಿ ಬೇಕು ಹೇಳಿ, ತೆಗೆದುಕೊಡುತ್ತೇನೆ. ನಿನ್ನ ಸ್ವಂತದ್ದು ಯಾವುದೋ ಎಂದು ಅವ್ವ ಒಮ್ಮೊಮ್ಮೆ ಕೇಳುವುದುಂಟು.

ಬಂಡೂಕಾಕಾ ನಮ್ಮ ಅಂಗಡಿಯ ಹಳೇ ಗಿರಾಕಿ, ಕಮಲಾಪುರದವರು. ಕೆಂಪು ಬಾಳೆಹಣ್ಣಿನ ಗಾಡಿಗಳು ನಿಲ್ಲುವಲ್ಲಿ ಅವರ ಮನೆ. ಮನೆಯ ಮುಂದಿನ ಇಕ್ಕಟ್ಟು ಕೋಣೆಯಲ್ಲಿ ಲಗ್ನಪತ್ರಿಕೆ ಮಾಡುತ್ತಾರೆ. ಬೇರೆಯವರು ನೆಟ್‌ನಿಂದ ಗಣಪನನ್ನು ಇಳಿಸಿ ಅಂಟಿಸಿದರೆ, ಕಾಕಾ ಒಂದೊಂದು ಲಗ್ನಕ್ಕೂ ಹೊಸ ಗಣಪನನ್ನು ತಾವೇ ಮೌಸು ಹಿಡಿದು ಪರದೆಯ ಮೇಲೆ ಬಿಡಿಸುತ್ತಾರೆ. ಅದೂ ಒಂದೇ ಗೆರೆಯಲ್ಲಿ, ಕೈ ಎತ್ತದೆ. ಪತ್ರಿಕೆ ಕೊಟ್ಟರೆ ಆ ಕಡೆಯ ಜನ ಮುಹೂರ್ತ ಆಮೇಲೆ ನೋಡುತ್ತಾರೆ. ಮೊದಲು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಬೆರಳಿಟ್ಟು ಹುಡುಕುತ್ತಾರೆ. ಉಳಿದ ಕಡೆ ಗಣಪ ಇಲಿಯ ಮೇಲೆ ಕೂರುತ್ತಾನೆ, ಕಮಲಾಪುರದಲ್ಲಿ ಇಲಿಯೇ ಗಣಪನನ್ನು ಹೆರುತ್ತದೆ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಅವರ ಹಳೇ ಕಂಪ್ಯೂಟರ್ ಕಣ್ಣು ಮುಚ್ಚಿತು. ಹೊಸದನ್ನು ನಮ್ಮಲ್ಲಿಂದಲೇ ಒಯ್ದರು, ಒಳಗೆ ಎಲ್ಲ ಹೊಸಾ ಸಾಫ್ಟ್‌ವೇರು. ಇಲಿ ಮಾತ್ರ ಹಳೇದೇ ಬೇಕಂತೆ. ಅರಿಷಿಣ ಬಡಿದಂತೆ ಹಳದಿಗಟ್ಟಿದ, ಹೊಟ್ಟೆಯಲ್ಲಿ ಗುಂಡು ಇರುವ ಮೌಸು. ಅದರ ದುಂಡು ಪಿನ್ನಿಗೆ ಹೊಸ ಸಿಪಿಯು ಡಬ್ಬಿಯಲ್ಲಿ ತೂತೇ ಇಲ್ಲ. ನಡುವೆ ಸಿಕ್ಕಿಸುವ ಕನ್ವರ್ಟರ್ ಕಳಿಸಿಕೊಟ್ಟೆ. ಪರದೆಯ ಮೇಲಿನ ಬಾಣ ಅಲುಗಾಡಿತು. ಆದರೆ ತಮ್ಮ ಮಾತು ಕೇಳುವುದಿಲ್ಲ ಎಂದು ಕಾಕಾ ಫೋನು ಹಚ್ಚಿದರು. ಇಲ್ಲಿ ಕೂತೇ ಡ್ರೈವರ್ ಬದಲಿಸಿದೆ, ವೇಗ ಇಳಿಸಿದೆ, ಹೊಸ ಮೌಸನ್ನೂ ಬಸ್ಸಿಗೆ ಹಾಕಿ ಕಳಿಸಿದೆ. ಅದೂ ಇದರ ಬಳಗದ್ದೇ ಎಂದರು. ಊರಿನ ತಿಳಿದವರೊಬ್ಬರು ಬಂದು ಕುರ್ಚಿಯಲ್ಲಿ ಕೂತು ನೋಡಿದರೆ ಎರಡೂ ಇಲಿಗಳು ಹೇಳಿದಂತೆ ಕೇಳಿದವಂತೆ. ಅಲ್ಲಿಂದ ಕಾಕಾನ ಫೋನು ಇನ್ನೂ ಹೆಚ್ಚಾಯಿತು.

ಒಂದು ಮಧ್ಯಾಹ್ನ ಬೇಸತ್ತು, ಅವರಿಗೆ ಗೊತ್ತಿಲ್ಲದ ನನ್ನ ಇನ್ನೊಂದು ನಂಬರಿನಿಂದ ನಾನೇ ಹಚ್ಚಿದೆ. ದನಿ ಬೆಂಗಳೂರಿನದು, ಭಾಷೆ ಪಠ್ಯಪುಸ್ತಕದ್ದು.

"ಮಾನ್ಯರೇ, ಮೌಸ್ ಕಂಪನಿಯ ಪ್ರಧಾನ ಕಚೇರಿಯಿಂದ ಅಜಿತ್ ಮಾತನಾಡುತ್ತಿದ್ದೇನೆ. ತಮ್ಮ ಇಲಿಯ ಆರೋಗ್ಯ ಹೇಗಿದೆ?"

ದಿನಾ ಸಂಜೆ ನಾಲ್ಕು ಶೇಂಗಾ ತಿನ್ನಿಸಿ ಎಂದು ಹೇಳಿ ನಕ್ಕು ಫೋನು ಇಡುವುದು ನನ್ನ ಲೆಕ್ಕ. ಆ ಕಡೆ ಕಾಕಾ ಬಾಗಿಲು ಮುಚ್ಚಿಕೊಂಡ ಸಪ್ಪಳ ಕೇಳಿಸಿತು.

"ಸಾಹೇಬ್ರ, ಇಲಿ ಆರಾಮ ಅದರಿ," ಎಂದರು. "ನನ್ನ ಕೈಯೇ ಹೋಗ್ಯದ."

ಎಲ್ಲರ ಕೈಗೂ ಕೇಳುವ ಮೌಸು ತಮ್ಮೊಬ್ಬರ ಕೈಗೆ ಕೇಳುತ್ತಿಲ್ಲ ಎಂದರೆ ಇನ್ನೇನು ಅರ್ಥ ಎಂದು ಕೇಳಿದರು. ಅವರ ಅಪ್ಪನಿಗೂ ಹೀಗೇ ಆಗಿತ್ತು. ಮೊದಲು ಕೈ ಧೋತರದ ಗಂಟು ಮರೆಯಿತು, ಆಮೇಲೆ ನಾಲಿಗೆ ಹೋಯಿತು, ಆಮೇಲೆ ಅರ್ಧ ಮೈ ಮಲಗಿಬಿಟ್ಟಿತು. ದವಾಖಾನೆಗೆ ಹೋದರೆ ಡಾಕ್ಟರು ಹೌದು ಅಂದುಬಿಟ್ಟಾರು, ಅದಕ್ಕೇ ಹೋಗಿಲ್ಲ. ಕೈಯಲ್ಲಿರುವ ಲಗ್ನದ ಪತ್ರಿಕೆ ಹೇಗೋ ಮುಗಿಸಿ ಅಂಗಡಿಗೆ ಕೀಲಿ ಹಾಕುವುದು. ಹೆಂಡತಿ ಭಾಗೀರಥಿಬಾಯಿಗೆ ಹೇಳಿಲ್ಲ. "ರಿಪೇರಿ ಅಂಗಡಿ ಮಾಳಿಂಗಗ ಅಂತೂ ಹೇಳಂಗೇ ಇಲ್ರೀ. ಅಂವ ನನ್ನ ದನಿಯೊಳಗ ಊರಿಗೆಲ್ಲ ಆಡಿ ತೋರಸ್ತಾನ."

ಆಗಲೇ ನಾನು ನನ್ನ ದನಿಗೆ ಮರಳಬೇಕಿತ್ತು. ಹೇಗೆ ಮರಳಲಿ? ಯಾರಿಗೆ ಹೇಳಬಾರದು ಎಂದುಕೊಂಡಿದ್ದರೋ ಅವನಿಗೇ ಹೇಳಿ ಕೂತಿದ್ದರು. ಹೊಕ್ಕ ದನಿಯಿಂದ ಹೊರಗೆ ಬರುವ ಬಾಗಿಲು ಕಾಣಲಿಲ್ಲ. ದಯವಿಟ್ಟು ವೈದ್ಯರನ್ನು ಕಾಣಿರಿ ಎಂದು ಪಠ್ಯಪುಸ್ತಕದ ಭಾಷೆಯಲ್ಲೇ ಹೇಳಿ ಫೋನು ಇಟ್ಟೆ.

ಅವತ್ತಿನಿಂದ ಕಾಕಾ ನಮ್ಮ ಅಂಗಡಿ ಬಿಟ್ಟು ಅಜಿತ ಸಾಹೇಬರಿಗೇ ಫೋನು ಹಚ್ಚತೊಡಗಿದರು. ಅಂಗಿಯ ಗುಂಡಿ ಹಾಕಿಕೊಂಡೆ, ರೊಟ್ಟಿ ಮುರಿದೆ, ಸಹಿ ಮಾಡಿದೆ, ಅದೆಲ್ಲ ಸರಿ, ಕಂಪ್ಯೂಟರ್ ಮುಂದೆ ಕೂತಕೂಡಲೇ ಮಾತ್ರ ಕೈ ಬೇರೆಯವರದಾಗುತ್ತದೆ ಎನ್ನುತ್ತಿದ್ದರು. ನಾನು ಶಹಾಬಜಾರದ ಗಲ್ಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು "ಧೈರ್ಯವಾಗಿರಿ ಮಾನ್ಯರೇ" ಎನ್ನುತ್ತಿದ್ದೆ. ಎತ್ತದಿದ್ದರೆ ಪಾಪ ಎನಿಸುತ್ತಿತ್ತು, ಎತ್ತಿದರೆ ಅಜಿತನ ದನಿಯೇ ಬರುತ್ತಿತ್ತು.

ಗಿರಾಕಿಯ ಫೋನು ಒಮ್ಮೆಲೇ ನಿಂತದ್ದು ಕಂಡು ಕಡೆಗೆ ರಾಜೇಶ್ರೀ ಅಕ್ಕನೇ ನನ್ನನ್ನು ಕಮಲಾಪುರಕ್ಕೆ ಅಟ್ಟಿದಳು. ಹಾಳಾದ ಮೌಸನ್ನು ಕಣ್ಣಾರೆ ನೋಡಿ ಬಾ ಎಂದಳು.

ಆ ಕೋಣೆಯಲ್ಲಿ ಒಂದು ಕಡೆ ಗೋಡೆ, ಒಂದು ಕಡೆ ಪೇಪರ್ ಕತ್ತರಿಸುವ ಮಷಿನ್ನು. ನನ್ನನ್ನು ಎಲ್ಲಕ್ಕಿಂತ ಒಳಗೆ, ತಗಡಿನ ಕಪಾಟಿಗೆ ಒತ್ತಿ ಕೂಡಿಸಿದರು. ಬಾಗಿಲ ಬದಿಯ ಕುರ್ಚಿಯಲ್ಲಿ ಕಾಕಾ. ಅವರು ಏಳದೆ ನಾನು ಹೊರಗೆ ಹೋಗುವಂತಿಲ್ಲ. ನಿಮ್ಮ ಕುರ್ಚಿಯಲ್ಲಿ ನಾನು ಕೂತು ನೋಡುತ್ತೇನೆ ಎಂದರೆ ತಡಿ ಎಂದರು. ಪ್ರಧಾನ ಕಚೇರಿಯ ಸಾಹೇಬರೊಬ್ಬರಿದ್ದಾರಂತೆ, ಬಾಳ ಒಳ್ಳೆಯವರಂತೆ, ಅವರೂ ನಾನೂ ಮಾತಾಡಿಕೊಂಡರೆ ಕೆಲಸ ಆಗುತ್ತದಂತೆ. ಹೇಳುತ್ತಲೇ ಫೋನು ಹಚ್ಚಿದರು.

ನನ್ನ ಜೇಬಿನಲ್ಲಿ ಆ ನಂಬರಿನ ಫೋನು ನಡುಗಿತು. ಅಂಗೈಯಿಂದ ಅದುಮಿ ಹಿಡಿದೆ. ಬಾಗಿಲ ಕಡೆ ನೋಡಿದರೆ ಕಾಕಾ ಅಡ್ಡ.

"ಎತ್ತವಲ್ರು," ಎಂದು ಕಾಕಾ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡರು. ಅಲ್ಲಿಯವರೆಗೆ ನೋಡು ಎಂದು ಬಲಗೈಯನ್ನು ಇಲಿಯ ಮೇಲಿಟ್ಟರು.

ಬೇರೆ ಹೊತ್ತಾಗಿದ್ದರೆ ನಾನು ಪರದೆಯನ್ನೇ ನೋಡುತ್ತಿದ್ದೆನೇನೋ. ಕಾಕಾನ ಮುಖ ನೋಡಲಾರದೆ ಅವರ ಕೈ ನೋಡಿದೆ. ಇಲಿಯ ಬಾಲ ಅವರ ಹೊಟ್ಟೆಯ ಕಡೆಗಿತ್ತು. ಬಟನ್ನು ಬೆರಳ ತುದಿಯಲ್ಲಿಲ್ಲ, ಮಣಿಕಟ್ಟಿನ ಬುಡದಲ್ಲಿ. ರೊಟ್ಟಿ ತಟ್ಟಿದ ಹಾಗೆ ಅಂಗೈಯಿಂದ ತಟ್ಟುತ್ತಿದ್ದರು. ಕೈ ಮೇಲೆ ಹೋದರೆ ಬಾಣ ಕೆಳಗೆ ಬರುತ್ತಿತ್ತು.

"ಕಾಕಾ," ಎಂದೆ, "ವೈರು ನಿಮ್ಮ ಕಡೀಗಿ ಯಾಕದ?"

"ಮತ್ತ ಎಲ್ಲಿಗಿರಬೇಕು?"

ಮೊದಲ ಕಂಪ್ಯೂಟರ್ ಬಂದಾಗ ಡಬ್ಬಿ ಮೊಣಕಾಲ ಹತ್ತಿರ ಇತ್ತಂತೆ. ವೈರು ಗಿಡ್ಡ, ಮೇಜು ಸುತ್ತಿ ಬರುತ್ತಿರಲಿಲ್ಲ. ಜೋಡಿಸಲು ಬಂದಾತ ಮೌಸನ್ನು ತಿರುಗಿಸಿ ಇಟ್ಟ. ಇಲಿಯನ್ನು ಮೇಲಕ್ಕೆ ಸರಿಸಿ ಎಂದು ಪರದೆ ಕೇಳಿತು, ಕಾಕಾ ಸರಿಸಿದರು, ಅದು ಆ ಉಲ್ಟಾ ದಿಕ್ಕನ್ನೇ ಮೇಲೆ ಎಂದು ಕಲಿತುಕೊಂಡಿತು. ಅಂದಿನಿಂದ ಇನ್ನೊಬ್ಬರ ಕಂಪ್ಯೂಟರ್ ಮುಂದೆ ಅವರು ಕೂತವರೇ ಅಲ್ಲ. ಹಳೇ ಸಾಫ್ಟ್‌ವೇರು ಒಮ್ಮೆಯಾದರೂ ಕೈಯನ್ನು ಕೇಳಿತ್ತು. ಹೊಸದು ಯಾರನ್ನೂ ಕೇಳುವುದಿಲ್ಲ. ನೋಡಲು ಬಂದವರಿಗೆಲ್ಲ ಕಾಕಾ ಎದ್ದು ಕುರ್ಚಿ ಕೊಡುತ್ತಿದ್ದರು, ಅವರು ಕೂತು, ಯೋಚಿಸದೆ ಇಲಿಯನ್ನು ತಿರುಗಿಸಿಕೊಳ್ಳುತ್ತಿದ್ದರು.

ಇಲಿಯನ್ನು ತಿರುಗಿಸಿ ಕೊಡಬಹುದಿತ್ತು. ಆದರೆ ಗಣಪ ಇದ್ದದ್ದು ಆ ಉಲ್ಟಾ ಕೈಯಲ್ಲಿ. ದಿಕ್ಕು ತಿರುಗಿಸುವ ಪುಟ್ಟ ಪ್ರೋಗ್ರಾಮೊಂದನ್ನು ನೆಟ್‌ನಲ್ಲಿ ಹುಡುಕಿದೆ. ಮೊದಲನೆಯದು ಕೂಡಲಿಲ್ಲ, ಇನ್ನೊಂದು ಕೂತಿತು. ಎಡ ಬಟನ್ನು ಬಲಕ್ಕೆ ಹಾಕಿದೆ.

ಕಾಕಾ ಕೈ ಇಟ್ಟರು. ಬಾಣ ಮೇಲೆ ಹೋಯಿತು. ಕಿವಿಯಿಂದ ಹೊರಟ ಗೆರೆ ಸೊಂಡಿಲು ಇಳಿದು, ಹೊಟ್ಟೆ ಸುತ್ತಿ, ಮೋದಕದಲ್ಲಿ ಬಂದು ನಿಂತಿತು. ಕಾಕಾ ಗಣಪನನ್ನು ನೋಡಲಿಲ್ಲ. ತಮ್ಮ ಕೈ ಎತ್ತಿ, ಮುಂದೆ ಹಿಂದೆ ಹೊರಳಿಸಿ ನೋಡಿಕೊಂಡರು.

"ಪಾಪ, ಆ ಸಾಹೇಬ್ರು ದಿನಾ ನನ್ನ ಗೋಳು ಕೇಳ್ಯಾರ," ಎಂದರು. "ಮೊದಲ ಅವರಿಗಿ ಹೇಳಬೇಕು."

ಮತ್ತೆ ಹಚ್ಚಿದರು. ಈ ಸಲ ಅದುಮುವುದು ತಡವಾಯಿತು. ಜೇಬು ಕಪಾಟಿಗೆ ತಾಗಿ ತಗಡು ಗುರ್ರೆಂದಿತು. ಕಾಕಾ ಕಪಾಟು ನೋಡಿದರು, ಜೇಬು ನೋಡಿದರು. ಹೋಗಲು ಜಾಗವಿಲ್ಲ. ಫೋನು ತೆಗೆದೆ, ಎತ್ತಿದೆ. ನನ್ನ ದನಿ ಬರಲೇ ಇಲ್ಲ.

"ಮಾನ್ಯರೇ, ಅಜಿತ್ ಮಾತನಾಡುತ್ತಿದ್ದೇನೆ."

ಕಾಕಾ ಫೋನು ಇಳಿಸಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮಾರು ದೂರದಿಂದ, ಫೋನಿನಲ್ಲೇ ಹೇಳಿದರು:

"ಸಾಹೇಬ್ರ, ನನ್ನ ಕೈಗಿ ಏನೂ ಆಗಿಲ್ರೀ."

ಅವರ ಬಲಗೈ ಮೇಲೆದ್ದಾಗ ಕೆನ್ನೆಗೆ ಬಿತ್ತು ಎಂದುಕೊಂಡೆ. ಅದು ಬಂದು ನನ್ನ ಕಿವಿ ಹಿಡಿಯಿತು, ಹಿಂಡಿತು. ಅಯ್ಯೋ ಅಂದೆ, ಅದೂ ಬೆಂಗಳೂರಿನ ಶುದ್ಧ ಕನ್ನಡದಲ್ಲೇ ಬಂತು. ಅಲ್ಲಿಗೆ ಕಾಕಾನ ನಗು ಒಡೆಯಿತು. ಏನಾಯಿತೆಂದು ಭಾಗೀರಥಿಬಾಯಿ ಹಿಟ್ಟಿನ ಕೈಯಲ್ಲಿ ಓಡಿಬಂದರೆ ಹೇಳಲು ಉಸಿರಿಲ್ಲ. ನನ್ನ ಕಡೆ ಗೋಣು ಹಾಕುತ್ತಾರೆ, ತಮ್ಮ ಕೈ ಕಡೆ ಗೋಣು ಹಾಕುತ್ತಾರೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾರೆ. ಬಾಳೆಹಣ್ಣಿನವರು ಬಾಗಿಲಿಗೆ ಬಂದು ಇಣುಕಿ, ವಿಷಯ ತಿಳಿಯದೆಯೇ ನಗತೊಡಗಿದರು. ನಾನೂ ನಕ್ಕೆ. ಆದರೆ ಕಾಕಾನ ನಗು ಎಲ್ಲರ ನಗುವನ್ನೂ ಮೀರಿ ಹೋಗುತ್ತಿತ್ತು, ನನ್ನ ಕಿವಿ ಇನ್ನೂ ಅವರ ಕೈಯಲ್ಲೇ ಇತ್ತು, ಹಿಡಿತ ಭಾರೀ ಗಟ್ಟಿ ಇತ್ತು.