ಶೆಟ್ಟರ ಶನಿವಾರದ ಬಿಯರು

ಜಗಲಿಯ ಮೇಲೆ ಮೂರು ಬಿಯರ್ ಬಾಟಲಿಗಳನ್ನು ಸಾಲಾಗಿ ಇಟ್ಟು, ಮೂರು ಜನ ಗಂಡಸರು ಒಂದೊಂದರ ಕುತ್ತಿಗೆ ಹಿಡಿದುಕೊಂಡು ವಾದಕ್ಕೆ ನಿಂತಿದ್ದರು.

“ಹಕ್ಕಿಯ ಚಿತ್ರದ್ದೇ. ಮಾವನ ಕೈಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ,” ಎಂದ ಚಿತ್ತರಂಜನ. ಅವನು ತೀರಿಹೋದ ಸರ್ವೋತ್ತಮ ಶೆಟ್ಟರ ಅಕ್ಕನ ಮಗ, ಅಂದರೆ ಅಳಿಯ. ಅಳಿಯಕಟ್ಟಿನ ಕ್ರಮದಂತೆ ಬೆಳಿಗ್ಗೆಯಿಂದ ಕ್ರಿಯೆಗೆ ಕೂತವನೂ ಅವನೇ.

“ನೀನು ನೋಡಿದ್ದು ಯಾವ ಕಾಲದಲ್ಲಿ ಮಾರಾಯ? ಭಾವ ಕುಡಿಯುತ್ತಿದ್ದದ್ದು ಗುದ್ದಾಡುವವನ ಚಿತ್ರದ್ದು. ತೊಕ್ಕೊಟ್ಟಿನ ಮದುವೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಕುಡಿದಿದ್ದಾರೆ,” ಎಂದರು ಜಯಪಾಲ. ಇವರು ಶೆಟ್ಟರ ಹೆಂಡತಿಯ ತಮ್ಮ.

ಮೂರನೆಯವನು ಅಡುಗೆಯ ತಾರಾನಾಥ. ಅವನಿಗೆ ಶೆಟ್ಟರ ಗುರುತೇ ಇರಲಿಲ್ಲ. ಆದರೂ ತಾನು ಬಡಿಸಿದ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮನೆಗಳಲ್ಲೆಲ್ಲ ಕಪ್ಪು ಬಿಯರೇ ಇಟ್ಟದ್ದೆಂದು ಅವನೂ ಒಂದು ಬಾಟಲಿ ಹಿಡಿದು ನಿಂತಿದ್ದ. ಹೇಳುವುದಕ್ಕೆ ಖರ್ಚೇನು!

ಎಂಬತ್ಮೂರನೆಯ ಇಸವಿಯ ಚಳಿಗಾಲ. ದೇರೆಬೈಲಿನ ಆ ಹಂಚಿನ ಮನೆಯ ಅಂಗಳದಲ್ಲಿ ಚಪ್ಪರ ಹಾಕಿತ್ತು. ಮಧ್ಯಾಹ್ನದ ಸಸ್ಯಾಹಾರದ ಊಟ ಮುಗಿದು, ದೂರದ ನೆಂಟರು ಬಸ್ಸು ಹತ್ತಿಯಾಗಿತ್ತು. ಇನ್ನು ಉಳಿದದ್ದು ಮುಸ್ಸಂಜೆಯ ಬಡಿಸುವ ಕ್ರಮ. ತೀರಿಹೋದವರಿಗೆ ಇಷ್ಟವಾಗಿದ್ದ ಮೀನು, ಕೋಳಿ, ಕುಡಿಯುವುದು, ಎಲ್ಲವನ್ನೂ ಒಳಗಿನ ಕೋಣೆಯಲ್ಲಿ ಬಾಳೆಲೆಗೆ ಬಡಿಸಿ, ಬಾಗಿಲು ಎಳೆದು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು, ತೃಪ್ತಿಯಾಗಿ ಹೊರಡಬೇಕು.

“ಬೇರೆಯದ್ದೇನನ್ನೋ ಇಟ್ಟರೆ ಅವನು ಮುಟ್ಟುವುದಿಲ್ಲ. ಸಣ್ಣದಿರುವಾಗಲೂ ಹಾಗೆಯೇ, ಗಂಜಿಗೆ ಬೇರೆ ಉಪ್ಪಿನಕಾಯಿ ಹಾಕಿದರೆ ಎದ್ದು ಹೋಗುತ್ತಿದ್ದ,” ಎಂದರು ಶೆಟ್ಟರ ಅಕ್ಕ ಸುಂದರಿ. ಆಮೇಲೆ ಬಾಗಿಲ ಬಳಿ ಮಗಳ ಜೊತೆ ಕೂತಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದರು. “ಅಲ್ಲ ಗುಣವತಿ, ಇಷ್ಟು ವರ್ಷ ಸಂಸಾರ ಮಾಡಿದವಳು ನೀನು. ನಿನಗೆ ಗೊತ್ತಿಲ್ಲವಾ?”

ಎಲ್ಲರೂ ಗುಣವತಿಯನ್ನು ನೋಡಿದರು. ಗುಣವತಿಗೆ ಗೊತ್ತಿರಲಿಲ್ಲ. ಗಂಡ ಸತ್ತ ದಿನ ಆಗದಿದ್ದ ಅವಮಾನ ಈಗ ಆಯಿತು. ಅವರ ಅಂಗಿಯ ಅಳತೆ ಗೊತ್ತು, ಯಾವ ಮಂಡಿ ನೋಯುತ್ತಿತ್ತೆಂದು ಗೊತ್ತು, ಆದರೆ ಪ್ರತಿ ಶನಿವಾರ ಗಂಟಲಿಗೆ ಇಳಿಸುತ್ತಿದ್ದದ್ದು ಏನೆಂದು ಗೊತ್ತಿಲ್ಲ. ಇಂಥ ಹೆಂಡತಿ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಆಕೆಗೆ ತನ್ನ ಮೇಲೇ ಸಿಟ್ಟು ಬಂತು.

*

ಆ ಸಿಟ್ಟಿಗೆ ಕಾರಣವೂ ಇತ್ತು. ಕಾನೂನು ಮಾಡಿದ್ದು ಗುಣವತಿಯೇ.

ಮಗಳು ಶಶಿಪ್ರಭಾ ಶಾಲೆಗೆ ಸೇರಿದ ವರ್ಷ ಆಕೆ ಗಂಡನನ್ನು ನಿಲ್ಲಿಸಿ ಹೇಳಿದ್ದಳು: “ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಬಾಟಲಿ ನನ್ನ ಕಣ್ಣಿಗೂ ಬೀಳಬಾರದು, ಹುಡುಗಿಯ ಕಣ್ಣಿಗೂ ಬೀಳಬಾರದು.” ಶೆಟ್ಟರು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು, ಕಾನೂನಿಗೆ ತಲೆಬಾಗುವ ಪ್ರಾಣಿ. ಅಂದಿನಿಂದ ಶನಿವಾರ ಸಂಜೆ ಪೇಪರಿನಲ್ಲಿ ಸುತ್ತಿದ ಕಟ್ಟು ಹಿಂದಿನ ದಾರಿಯಿಂದ ಬಚ್ಚಲಿಗೆ ಹೋಗುತ್ತಿತ್ತು, ಅಲ್ಲಿಂದ ಸ್ಟೀಲಿನ ಚೆಂಬಿನಲ್ಲಿ ಹೊರಗೆ ಬರುತ್ತಿತ್ತು. ಶೆಟ್ಟರು ಹಿಂದಿನ ಜಗಲಿಯಲ್ಲಿ ಕಾಲು ನೀಡಿ ಕೂತು, ಒಂದು ಗುಟುಕು ಚೆಂಬಿನಿಂದ, ಒಂದು ತುತ್ತು ಬಟ್ಟಲಿನಿಂದ, ಹೀಗೆ ಕತ್ತಲಾಗುವವರೆಗೆ ಕೂರುವರು.

“ಹೇಗುಂಟು ಪದಾರ್ಥ?” ಎಂದು ಗುಣವತಿ ಕೇಳುವಳು.

“ಉಂಟು,” ಎನ್ನುವರು ಶೆಟ್ಟರು.

ಅಷ್ಟೇ! ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಾತ್ರ “ಇವತ್ತು ಸಂಜೆಗೆ ಎಂತ ಪದಾರ್ಥ?” ಎಂದು ಬಿಡದೆ ಕೇಳುವರು, ಮಸಾಲೆಗೆ ಏನೆಲ್ಲ ಬೀಳುತ್ತದೆಂದೂ ಕೇಳುವರು. ಇಷ್ಟು ವಿಚಾರಣೆ ಮಾಡುವ ಗಂಡಸು ಉಂಡ ಮೇಲೆ ಒಂದು ಒಳ್ಳೆಯ ಮಾತು ಆಡಬಾರದೇ? ಇವರಿಗೆ ಸೊಪ್ಪು ಬೇಯಿಸಿ ಹಾಕಿದರೂ ಒಂದೇ, ಏಡಿ ಹುರಿದು ಹಾಕಿದರೂ ಒಂದೇ ಎಂದು ಗುಣವತಿ ಪಾತ್ರೆ ತೊಳೆಯುತ್ತಾ ಗೊಣಗುವಳು. ಗೊಣಗಿದರೂ ಮುಂದಿನ ಶನಿವಾರ ಮತ್ತೆ ಒಳ್ಳೆಯ ಮೀನನ್ನೇ ಹುಡುಕುವಳು.

*

“ಚಿತ್ತರಂಜನ, ಆ ಚೀಲ ತಾ,” ಎಂದು ಗುಣವತಿ ಎದ್ದಳು. “ಅವರು ತರುತ್ತಿದ್ದದ್ದು ಝೇವಿಯರ್ ಪೊರ್ಬುಗಳ ಅಂಗಡಿಯಿಂದ. ಹೋಗಿ ಕೇಳಿದರೆ ಮುಗಿಯಿತು.”

“ಬೊಜ್ಜದ ದಿನ ನೀನು ಹೆಂಡದ ಅಂಗಡಿಗೆ ಹೋಗುವುದಾ?” ಸುಂದರಿ ಎದೆಯ ಮೇಲೆ ಕೈ ಇಟ್ಟರು. “ಊರವರು ಎಂತ ಹೇಳಿಯಾರು!”

“ಎಂತ ಬೇಕಾದರೂ ಹೇಳಲಿ ಅಕ್ಕ. ಗಂಡಸರನ್ನು ಕಳಿಸಿದರೆ ನಾಲ್ಕನೆಯ ಬಾಟಲಿ ಬರ್ತದೆ, ಅಷ್ಟೇ.”

ಚಿತ್ತರಂಜನ ಚೀಲ ಹಿಡಿದು ಓಡೋಡಿ ಬಂದರೂ ಅತ್ತೆಯನ್ನು ಹಿಡಿಯಲು ಅಂಗಡಿಯ ತಿರುವೇ ಬರಬೇಕಾಯಿತು.

ಬೇರೆ ಅಂಗಡಿಗಳಲ್ಲಿ ಎರಡು ತರದ ಬಿಯರ್ ಇದ್ದರೆ ದೊಡ್ಡದು. ಝೇವಿಯರನ ಅಂಗಡಿಯಲ್ಲಿ ಒಂದು ಗೋಡೆಯೇ ಬಿಯರಿನದ್ದು. ಹಳದಿ, ಕೆಂಪು, ಕಪ್ಪು, ಗಿಡ್ಡ ಬಾಟಲಿ, ಉದ್ದ ಬಾಟಲಿ. ಹಕ್ಕಿ, ಕುದುರೆ, ಕಿರೀಟ, ಮೀಸೆಯವನು, ಎಲ್ಲರೂ ಸಾಲಾಗಿ ನಿಂತು ಬಂದವರನ್ನು ನೋಡುತ್ತಿದ್ದರು. ಮೊದಲು ಬೊಂಬಾಯಿಯ ಹೋಟೆಲಿನಲ್ಲಿ ಬಾರ್ ನೋಡಿಕೊಂಡಿದ್ದ ಝೇವಿಯರನಿಗೆ ಅದೊಂದು ಹುಚ್ಚು. ಎಲ್ಲಿ ಹೊಸ ಬಿಯರ್ ಬಂತೆಂದು ಕೇಳಿದರೂ ಏಜೆಂಟರ ಜೀವ ತಿಂದು ಒಂದು ಪೆಟ್ಟಿಗೆ ತರಿಸುತ್ತಿದ್ದ.

ಗುಣವತಿ ಮೆಟ್ಟಿಲು ಹತ್ತುತ್ತಲೇ ಬೆಂಚಿನಲ್ಲಿದ್ದವರು ಎದ್ದು ಗ್ಲಾಸು ಬೆನ್ನ ಹಿಂದೆ ಇಟ್ಟುಕೊಂಡರು. ಝೇವಿಯರ್ ಗಾಬರಿಯಿಂದ ಹೆಗಲ ಬಟ್ಟೆ ತೆಗೆದು ಕುರ್ಚಿ ಒರೆಸಿದ.

“ಕೂತುಕೊಳ್ಳಿ ಅಕ್ಕ. ಹೇಳಿ ಕಳಿಸಿದ್ದರೆ ನಾನೇ ಬರ್ತಿದ್ದೆನಲ್ಲ.”

“ಕೂರಲಿಕ್ಕೆ ಬಂದದ್ದಲ್ಲ ಪೊರ್ಬುಗಳೇ. ಇವತ್ತು ಅವರಿಗೆ ಬಡಿಸಬೇಕು. ಅವರು ಕುಡಿಯುತ್ತಿದ್ದದ್ದು ಯಾವುದು, ಅದೊಂದು ಕೊಡಿ.”

ಝೇವಿಯರ್ ಗೋಡೆ ನೋಡಿದ. ಮತ್ತೆ ಗುಣವತಿಯನ್ನು ನೋಡಿದ. ತಲೆ ತುರಿಸಿಕೊಂಡ.

“ಅದು ಕಷ್ಟ ಉಂಟು ಅಕ್ಕ. ಶೆಟ್ರದ್ದು ಅಂತ ಒಂದು ಬಿಯರ್ ಇಲ್ಲ.”

“ಇಲ್ಲ ಅಂದರೆ?”

“ಅವರು ಒಂದು ದಿನ ಕೂಡ ಬಿಯರಿನ ಹೆಸರು ಹೇಳಿದವರಲ್ಲ. ಬಂದು ಈ ಬೆಂಚಿನಲ್ಲಿ ಕೂತು, ಇವತ್ತು ನಮ್ಮ ಗುಣವತಿ ಇಂಥದ್ದು ಮಾಡಿದ್ದಾಳೆ ಪೊರ್ಬು, ಇಂತಿಷ್ಟು ಖಾರ, ಇಂತಿಷ್ಟು ಹುಳಿ, ಇದಕ್ಕೆ ಯಾವುದು ಆಗ್ತದೆ ಅಂತ ಕೇಳುವುದು. ಆಮೇಲೆ ನಮ್ಮಿಬ್ಬರಿಗೆ ಚರ್ಚೆ. ಕೋರಿ ರೊಟ್ಟಿಗೆ ಒಂದು, ಸಿಗಡಿ ಸುಕ್ಕಕ್ಕೆ ಒಂದು, ಬೂತಾಯಿ ಮೀನಿಗೆ ಇನ್ನೊಂದು. ನಿಮ್ಮ ಪದಾರ್ಥ ಯಾವುದೋ ಅವರ ಬಿಯರ್ ಅದು.”

ಗುಣವತಿ ಕುರ್ಚಿಯಲ್ಲಿ ಕೂತುಬಿಟ್ಟಳು.

ಬೆಂಚಿನವರಲ್ಲಿ ಒಬ್ಬ ಧೈರ್ಯ ಮಾಡಿ ಗ್ಲಾಸು ಮುಂದಕ್ಕೆ ತಂದ. “ನಿಮ್ಮದೇ ಅಲ್ವಾ ಅಕ್ಕ ಆ ಏಡಿ ಸುಕ್ಕ? ತೆಂಗಿನಕಾಯಿ ಕೆಂಪಾಗಿ ಹುರಿದು ಹಾಕುವುದು? ನಮ್ಮ ಮನೆಯಲ್ಲಿ ಹೇಳಿ ಮಾಡಿಸಿದೆ. ಆಗಲಿಲ್ಲ, ಕರಟಿಹೋಯಿತು.”

ಪಕ್ಕದ ಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಅಲಿಯಬ್ಬನೂ ಇಣುಕಿದ. “ನಾನು ಕುಡಿಯುವವನಲ್ಲ. ಆದರೆ ಶೆಟ್ರು ಕೂತು ನಿಮ್ಮ ಮರುವಾಯಿ ಪುಂಡಿಯ, ಆ ಚಿಪ್ಪು ಹಾಕಿದ ಅಕ್ಕಿ ಉಂಡೆಯ, ವಿಷಯ ಹೇಳುವಾಗ ಈ ಬಾಗಿಲಲ್ಲಿ ನಿಲ್ಲದೆ ಹೋದದ್ದಿಲ್ಲ. ಕೇಳಿಯೇ ಅರ್ಧ ಹೊಟ್ಟೆ ತುಂಬ್ತಿತ್ತು.”

“ಅಲ್ಲ, ಒಮ್ಮೆ ಎಂತ ಆಯಿತು ಗೊತ್ತುಂಟಾ?” ಝೇವಿಯರನಿಗೆ ಈಗ ಹುರುಪು ಬಂದಿತ್ತು. “ಮೀನಿನ ಸಾರು ಅಂತ ತೆಗೆದುಕೊಂಡು ಹೋದವರು, ಅರ್ಧ ಗಂಟೆಯಲ್ಲಿ ಏದುಸಿರು ಬಿಡ್ತಾ ವಾಪಸು! ‘ಪೊರ್ಬು, ಮೀನು ಸಿಕ್ಕಲಿಲ್ಲವಂತೆ, ಹರಿವೆ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಾಳೆ. ಬಾಟಲಿ ಬದಲಿಸಿ ಕೊಡು.’”

*

ಆ ಸಂಜೆ ಗುಣವತಿಗೆ ಚೆನ್ನಾಗಿ ನೆನಪಿತ್ತು. ಬಟ್ಟಲು ನೋಡಿದವರೇ ಶೆಟ್ಟರು ಚಪ್ಪಲಿ ಮೆಟ್ಟಿ ಒಂದೂ ಮಾತಾಡದೆ ಹೊರಟುಹೋಗಿದ್ದರು. ಸೊಪ್ಪು ಕಂಡು ಮುನಿಸಿಕೊಂಡರೆಂದು ಆಕೆಗೆ ಎಲ್ಲಿಲ್ಲದ ಕೋಪ ಬಂದಿತ್ತು. ಮೀನಿನವನು ಬಾರದಿದ್ದರೆ ಅದು ತನ್ನ ತಪ್ಪೇ? ಶೆಟ್ಟರು ಬೆವರು ಒರೆಸುತ್ತ ಮರಳಿ ಬಂದು ಹಿಂದಿನ ಜಗಲಿಯಲ್ಲಿ ಕೂತು ಬಟ್ಟಲು ಖಾಲಿ ಮಾಡಿದರೂ ಆಕೆ ಆ ವಾರವಿಡೀ ಸರಿಯಾಗಿ ಮಾತಾಡಿರಲಿಲ್ಲ. ಶೆಟ್ಟರು, ಪಾಪ, ತಾನು ಎಲ್ಲಿ ತಪ್ಪಿದೆನೆಂದು ತಿಳಿಯದೆ ಬೆಳಗಾದರೆ ಕೇಳದೆಯೇ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದರು.

*

ಗುಣವತಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿತು. ಸೆರಗಿನಿಂದ ಮುಖ ಒರೆಸಿಕೊಂಡು, “ನಿಮಗೆಲ್ಲ ಹೇಳಿದ್ದಾರೆ. ನನಗೆ ಹೇಳಲಿಕ್ಕೆ ಎಂತ ರೋಗ?” ಎಂದಳು.

ಝೇವಿಯರ್ ಮೆಲ್ಲಗೆ ಕೇಳಿದ: “ಇವತ್ತು ಎಂತ ಪದಾರ್ಥ ಅಕ್ಕ?”

“ತಾರಾನಾಥ ಅಂತ ಅಡುಗೆಯವ ಬಂದಿದ್ದಾನೆ. ಕೋಳಿ ಮಾಡ್ತಾನಂತೆ.”

“ತಾರಾನಾಥನ ಕೋಳಿಗೆ ಯಾವುದು ಆಗ್ತದೆ ಅಂತ ನನಗೂ ಗೊತ್ತಿಲ್ಲ, ಶೆಟ್ರಿಗೂ ಗೊತ್ತಿರಲಿಕ್ಕಿಲ್ಲ.”

ಗುಣವತಿ ಎದ್ದು ಕಟ್ಟೆಯ ಕಡೆ ನಡೆದಳು. “ಅಲಿಯಬ್ಬ, ಬಂಗುಡೆ ಉಂಟಾ?”

“ಉಂಟು. ಈಗಷ್ಟೇ ಧಕ್ಕೆಯ ದೋಣಿಯಿಂದ ಬಂದದ್ದು. ಕಣ್ಣು ನೋಡಿ.”

“ಕೊಡು. ಪೊರ್ಬುಗಳೇ, ಪುಳಿಮುಂಚಿ ಮಾಡ್ತೇನೆ. ಅದಕ್ಕೆ ಯಾವುದು?”

ಇಲ್ಲಿ ಅಂಗಡಿ ಎರಡಾಯಿತು. ಪುಳಿಮುಂಚಿಯ ಹುಳಿಗೆ ಹಗುರವಾದ ಹಕ್ಕಿಯೇ ಸರಿ ಎಂದು ಒಂದು ಕಡೆ. ಖಾರಕ್ಕೆ ಸ್ವಲ್ಪ ಸಿಹಿ ಇರುವ ಕಪ್ಪು ಬಿಯರೇ ಬೇಕು ಎಂದು ಇನ್ನೊಂದು ಕಡೆ. ಝೇವಿಯರ್ ಎರಡು ಬಾಟಲಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ತೂಗಿ ಸೋತ. “ನೀವು ಹೋಗಿ ಮಾಡಿ ಅಕ್ಕ. ನಾನು ಎರಡನ್ನೂ ತಂದು, ಪರಿಮಳ ನೋಡಿ ಹೇಳ್ತೇನೆ,” ಎಂದ.

ಮನೆಯಲ್ಲಿ ಸುಂದರಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. “ಇವತ್ತು ನೀನು ಒಲೆಯ ಹತ್ತಿರ ಹೋಗುವ ಕ್ರಮ ಇಲ್ಲ ಗುಣವತಿ.”

“ಬಾಟಲಿಗೆ ನಾನೂ ಒಂದು ಕ್ರಮ ಮಾಡಿದ್ದೆ ಅಕ್ಕ. ಅದರಿಂದ ಆದದ್ದು ಸಾಕು. ದಾರಿ ಬಿಡಿ.”

ಕಡೆಯುವ ಕಲ್ಲಿನ ಮುಂದೆ ಕೂತು ಗುಣವತಿ ಮೆಣಸು, ಹುಳಿ, ಕೊತ್ತಂಬರಿ ಕಡೆದಳು. ಕಡೆಯುತ್ತಾ ಅತ್ತಳು, ಅಳುತ್ತಾ ಗಂಡನಿಗೆ ಬೈದಳು. “ಊರಿಡೀ ಹೊಗಳಿದ್ದಾರೆ ಅಕ್ಕ ನಿಮ್ಮ ತಮ್ಮ! ನನ್ನ ಹತ್ತಿರ ಮಾತ್ರ ಬಾಯಿಗೆ ಬೀಗ. ಒಂದೇ ಒಂದು ಸಲ ಹೇಳಿದ್ದರೆ ನನಗೆ ಎಷ್ಟು ಸಂತೋಷ ಆಗ್ತಿತ್ತು!”

ಸುಂದರಿ ಬಾಗಿಲು ಬಿಟ್ಟು ಒಳಗೆ ಬಂದರು. “ನಮ್ಮ ಮನೆಯ ಗಂಡಸರೇ ಹಾಗೆ ಮಾರಾಯ್ತಿ,” ಎಂದರು. “ಹೆಂಡತಿಯ ಮುಖ ನೋಡಿ ಚಂದ ಉಂಟು ಅಂತ ಹೇಳಲಿಕ್ಕೆ ನಾಚಿಕೆ. ಅಮ್ಮನನ್ನು ನನ್ನ ಅಪ್ಪ ಹೊಗಳುತ್ತಿದ್ದದ್ದು ಎತ್ತುಗಳ ಹತ್ತಿರ.” ಆಮೇಲೆ ಅವರೇ ಮಣೆ ಎಳೆದು ಕೂತು ಶುಂಠಿ ಹೆಚ್ಚತೊಡಗಿದರು.

ಸೂರ್ಯ ಇಳಿಯುವಾಗ ಝೇವಿಯರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಜೊತೆಯಲ್ಲಿ ಅಲಿಯಬ್ಬ. ಒಲೆಯ ಮೇಲಿನ ಮಣ್ಣಿನ ಪಾತ್ರೆಯ ಮುಚ್ಚಳ ತೆಗೆದು ಝೇವಿಯರ್ ಕಣ್ಣು ಮುಚ್ಚಿ ಮೂಸಿದ. “ಹಕ್ಕಿಯದ್ದೇ,” ಎಂದ. ಚಿತ್ತರಂಜನ ಜಯಪಾಲರ ಕಡೆ ನೋಡಿ ಮೀಸೆ ಇಲ್ಲದ ಮೂತಿಯ ಮೇಲೆ ಕೈ ಆಡಿಸಿದ.

ಎಲೆ ಹಾಕಿ ಬಡಿಸಿದರು. ತಾರಾನಾಥನ ಕೋಳಿಗೂ ಒಂದು ಮೂಲೆ ಸಿಕ್ಕಿತು. ಗಾಜಿನ ಲೋಟಕ್ಕೆ ಬಿಯರ್ ಹೊಯ್ದು, ಚಿತ್ತರಂಜನ ಕೈ ಮುಗಿದು ಮಾವನನ್ನು ಕರೆದ. ಬಾಗಿಲು ಎಳೆದು ಎಲ್ಲರೂ ಅಂಗಳಕ್ಕೆ ಇಳಿದರು. ಸ್ವಲ್ಪ ಹೊತ್ತಾದ ಮೇಲೆ ಸುಂದರಿ ಬಾಗಿಲು ತಟ್ಟಿ ತೆರೆದರು. ಎಲೆಯಿಂದ ಒಂದೊಂದು ಚೂರು ತೆಗೆದು ಎಲ್ಲರ ಕೈಗೆ ಹಾಕಿದರು.

ಗುಣವತಿ ಮೀನಿನ ಚೂರನ್ನು ಬಾಯಿಗೆ ಹಾಕಿಕೊಂಡು, ಯಾರನ್ನೂ ಕೇಳದೆ ಎಲೆಯ ಪಕ್ಕದ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಗುಣವತಿ ನಾಲಿಗೆ ಚಪ್ಪರಿಸಿದಳು. ಇನ್ನೊಂದು ಚೂರು ತಿಂದು ಇನ್ನೊಂದು ಗುಟುಕು ಕುಡಿದಳು.

“ಇದಲ್ಲ,” ಎಂದಳು.

“ಎಂತ ಅಕ್ಕ?” ಝೇವಿಯರ್ ಹತ್ತಿರ ಬಂದ.

“ನನ್ನ ಹುಳಿಗೆ ಇದು ಕಹಿಯಾಗ್ತದೆ ಪೊರ್ಬುಗಳೇ. ನೀವೇ ತಿಂದು ನೋಡಿ.”

ಝೇವಿಯರ್ ತಿಂದ, ಕುಡಿದ, ಮುಖ ಸಪ್ಪೆ ಮಾಡಿಕೊಂಡ. “ಹೌದು,” ಎಂದ. “ಶೆಟ್ರಾದರೆ ಬಯ್ಯುತ್ತಿದ್ದರು.”

“ಕಪ್ಪು ಬಿಯರ್ ತೆಗೆಯಿರಿ.”

“ಅಲ್ಲ ಗುಣವತಿ,” ಸುಂದರಿ ತಡೆದರು. “ಬಡಿಸಿ ಆಯಿತು, ಬಾಗಿಲು ತೆಗೆದೂ ಆಯಿತು. ಎರಡೆರಡು ಸಲ ಬಡಿಸುವುದು ಎಲ್ಲಿ ಉಂಟು?”

“ಇಲ್ಲಿ ಉಂಟು.”

ಆಕೆ ಹೊಸ ಎಲೆ ಹಾಕಿದಳು. ಬಿಸಿ ಪುಳಿಮುಂಚಿ ಬಡಿಸಿದಳು, ಇನ್ನೊಂದು ಲೋಟಕ್ಕೆ ಕಪ್ಪು ಬಿಯರನ್ನು ತಾನೇ ಹೊಯ್ದಳು. ನೊರೆ ಮೇಲೆದ್ದು ಇಳಿಯುವವರೆಗೂ ಕಾದು ನೋಡಿ ಹೊರಗೆ ಬಂದು ಬಾಗಿಲು ಎಳೆದಳು. ಚಿತ್ತರಂಜನ, ಜಯಪಾಲ, ಸೌಟು ಹಿಡಿದ ತಾರಾನಾಥ, ಬುಟ್ಟಿ ಕಂಕುಳಲ್ಲಿಟ್ಟ ಅಲಿಯಬ್ಬ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮತ್ತೆ ಅಂಗಳಕ್ಕೆ ಇಳಿದು ನಿಂತರು. ಗುಣವತಿ ಎಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಸಾಲೆಯ ಕೈಯನ್ನು ಹಾಗೆಯೇ ಎತ್ತಿ ಹಿಡಿದುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.