ಮೂರು ಸಲ ಗಂಟೆ ಹೊಡೆದರೆ

ಬಸ್ಸಿನ ಗಂಟೆಗೆ ಬರುವುದು ಎರಡೇ ಮಾತು. ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು. ಈ ಡ್ರೈವರ್ ಮತ್ತು ಅವನ ಕಂಡಕ್ಟರ್ ಸೇರಿ ಅದಕ್ಕೆ ಇನ್ನೊಂದು ಮಾತು ಕಲಿಸಿದ್ದರು. ಮೂರು ಸಲ ಹೊಡೆದರೆ, ಕಣ್ಣು ಬಿಡು.

ಕಂಡಕ್ಟರನನ್ನು ಎಲ್ಲರೂ ಚಿಲ್ಲರೆ ಎಂದೇ ಕರೆಯುತ್ತಿದ್ದರು. ಯಾರು ನೋಟು ಚಾಚಿದರೂ ಅವನ ಚೀಲದಲ್ಲಿ ಅದೊಂದು ಮಾತ್ರ ಇರುತ್ತಿರಲಿಲ್ಲ. ಡ್ರೈವರನ ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಒಂದು ಮಧ್ಯಾಹ್ನ, ಕಾಲುವೆ ಪಕ್ಕದ ನೇರ ರಸ್ತೆಯಲ್ಲಿ, ಬಸ್ಸು ಯಾವ ಅವಸರವೂ ಇಲ್ಲದೆ ಮೆಲ್ಲಗೆ ಎಡಕ್ಕೆ ವಾಲಿ ಮಣ್ಣಿಗಿಳಿದಿತ್ತು. ಚಿಲ್ಲರೆ ತಲೆ ಎತ್ತಿ ಮುಂದಿನ ದೊಡ್ಡ ಕನ್ನಡಿ ನೋಡಿದ. ಅಲ್ಲಿ ಡ್ರೈವರನ ಕಣ್ಣುಗಳು ಮುಚ್ಚಿದ್ದವು. ಗಂಟೆಯ ಹಗ್ಗಕ್ಕೆ ಜೋತುಬಿದ್ದು ಎಳೆದದ್ದೇ ಎಳೆದದ್ದು. ಡ್ರೈವರ್ ಬೆಚ್ಚಿಬಿದ್ದು ಗಾಡಿಯನ್ನು ರಸ್ತೆಗೆ ತಂದ. ನಾಯಿ ಅಡ್ಡ ಬಂದಿರಬೇಕೆಂದು ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಯಾವ ನಾಯಿಯೂ ಬಂದಿರಲಿಲ್ಲ.

ಡ್ರೈವರ್ ಇದನ್ನು ಡಿಪೋದಲ್ಲಿ ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ತೂಕಡಿಸಿ ಸಿಕ್ಕಿಬಿದ್ದ ಹಳೆಯ ಡ್ರೈವರ್ ಒಬ್ಬ ಈಗ ಡಿಪೋದ ಹಿಂಭಾಗದಲ್ಲಿ ಪೈಪು ಹಿಡಿದು ಬಸ್ಸು ತೊಳೆಯುತ್ತಾನೆ. ತಾನು ಓಡಿಸುತ್ತಿದ್ದ ಬಸ್ಸಿನ ಚಕ್ರಕ್ಕೇ ನೀರು ಬಿಡುತ್ತಾನೆ. ಬೆಳಿಗ್ಗೆ ಗಾಡಿ ತೆಗೆಯುವಾಗ ಎಲ್ಲರೂ ಅವನಿಗೆ ನಮಸ್ಕಾರ ಹೇಳುತ್ತಾರೆ. ಅವನು ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ಡ್ರೈವರನಿಗೆ ಆ ಬಗ್ಗಿದ ಬೆನ್ನು ಹಗಲಿನಲ್ಲೂ ಕಣ್ಣಿಗೆ ಕಟ್ಟುತ್ತಿತ್ತು. ಸ್ಟಿಯರಿಂಗ್ ಬಿಟ್ಟರೆ ತಾನು ಯಾರು ಎಂದು ಕೇಳಿಕೊಳ್ಳುತ್ತಿದ್ದ. ಬಿಡದಿದ್ದರೆ ಬೆನ್ನ ಹಿಂದೆ ಕೂತ ಅಷ್ಟು ಜನರ ಗತಿ ಏನು ಎಂದೂ ಕೇಳಿಕೊಳ್ಳುತ್ತಿದ್ದ.

ಇಂಥ ಹೊತ್ತಿಗೆ ಅವನ ಕೈ ಹಿಡಿದವರು ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ಸೀಟಿಯೊಂದು ಇನ್ನೂ ಅವರ ಕೊರಳಲ್ಲಿತ್ತು. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುವುದು ಅವರ ರೂಢಿ. ಕನ್ನಡಿಯಲ್ಲಿ ಅವನ ಆಕಳಿಕೆ ಕಂಡು, ಏನಯ್ಯಾ ಇದು, ಮೊಸಳೆ ಬಾಯಿ ತೆಗೆದ ಹಾಗೆ ಎಂದು ಅವರೇ ಮಾತು ತೆಗೆದಿದ್ದರು. ಸ್ವಲ್ಪ ಆಯಾಸ ಅಷ್ಟೇ ಎಂದ ಡ್ರೈವರ್. ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಂದಿನಿಂದ ದಿನಕ್ಕೊಂದು ಪಾಠ. ಎಲ್ಲವೂ ಬಿಟ್ಟಿ, ಔಷಧಿ ಅಂಗಡಿಗೆ ಹೋಗುವ ಕೆಲಸವೇ ಇಲ್ಲ ಎಂಬುದು ಮೇಷ್ಟ್ರ ಹೆಮ್ಮೆ. ಎದ್ದ ಕೂಡಲೇ ತಂಬಿಗೆ ನೀರು ಕುಡಿ. ಎಳೆ ಬಿಸಿಲಲ್ಲಿ ನಿಲ್ಲು. ಕೊನೆಯ ಸ್ಟಾಪಿನಲ್ಲಿ ಸೀಟಿಗೆ ಅಂಟಿಕೊಂಡಿರಬೇಡ, ಇಳಿದು ನಡೆ. ಮಧ್ಯಾಹ್ನ ಹೊಟ್ಟೆ ಬಿರಿಯ ತಿನ್ನಬೇಡ. ಉಸಿರನ್ನು ನಿಧಾನವಾಗಿ ಎಳೆದು ಇನ್ನೂ ನಿಧಾನವಾಗಿ ಬಿಡು. ಹಾಸಿಗೆಗೆ ಫೋನು ತರಬೇಡ, ದಿನಾ ಒಂದೇ ಹೊತ್ತಿಗೆ ಮಲಗು.

ಅವನು ಒಂದನ್ನೂ ಬಿಡಲಿಲ್ಲ. ಡಿಪೋದ ಗೋಡೆಯ ಮೇಲೆ ಬಿಸಿಲು ಬೀಳುವ ಒಂದೇ ಜಾಗ ಹುಡುಕಿ, ಪೊಲೀಸರು ಹಿಡಿದು ನಿಲ್ಲಿಸಿದವನ ಹಾಗೆ ಗೋಡೆಗೊರಗಿ ನಿಲ್ಲುತ್ತಿದ್ದ. ಕೊನೆಯ ಸ್ಟಾಪಿನಲ್ಲಿ ಬಸ್ಸಿನ ಸುತ್ತ ನಡೆಯುತ್ತಿದ್ದ. ಅಣ್ಣ ಪ್ರದಕ್ಷಿಣೆ ಹಾಕ್ತಿದ್ದಾನೆ, ಆರತಿ ತಟ್ಟೆ ನಾನು ಹಿಡೀಲಾ ಎಂದು ಚಿಲ್ಲರೆ ಕಾಲೆಳೆಯುತ್ತಿದ್ದ. ಗುಣವೂ ಕಾಣದಿರಲಿಲ್ಲ. ಕಾಲು ಹಗುರಾಯಿತು, ಊಟದ ಮೇಲಿನ ಭಾರ ಇಳಿಯಿತು, ಬೆಳಗಿನ ಸಿಡಿಮಿಡಿ ಕಡಿಮೆಯಾಯಿತು. ಆದರೆ ಮಧ್ಯಾಹ್ನದ ಆ ನಿದ್ದೆ ಮಾತ್ರ ಸಾಲ ಕೊಟ್ಟವನಂತೆ ಬಾಗಿಲಲ್ಲೇ ಕಾದಿರುತ್ತಿತ್ತು. ಹಿಂದಿನಿಂದ ಮೂರು ಸಲ ಗಂಟೆ ಹೊಡೆಯುವುದು ತಪ್ಪಲಿಲ್ಲ.

ಪಾಠದಲ್ಲಿ ತಪ್ಪಿದೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ತಪ್ಪು ತನ್ನದೇ, ತಾನು ಸರಿಯಾಗಿ ಮಾಡುತ್ತಿಲ್ಲ, ತಾನು ಹುಟ್ಟಾ ಮೈಗಳ್ಳ. ಹಾಗಾಗಿ ನೀರು ಇನ್ನಷ್ಟು ಕುಡಿದ, ನಡಿಗೆ ಇನ್ನಷ್ಟು ಹೆಚ್ಚಿಸಿದ, ಮಧ್ಯಾಹ್ನದ ಡಬ್ಬಿ ಅರ್ಧಕ್ಕೇ ಮುಚ್ಚಿದ. ತೊಡೆ ಚಿವುಟಿಕೊಂಡು ಚಿವುಟಿಕೊಂಡು ಅಲ್ಲಿ ನೀಲಿಗಟ್ಟಿತ್ತು.

ಹೆಂಡತಿ ಅದನ್ನು ನೋಡಿ ಏನೆಂದು ಕೇಳಿದಳು. ಸೀಟಿನ ಅಂಚು ತಾಗಿತು ಎಂದ. ಅವಳು ನಂಬಿದಂತೆ ಕಾಣಲಿಲ್ಲ, ಆದರೂ ಮಾತನ್ನು ತಮಾಷೆಗೆ ತಿರುಗಿಸಿದಳು. ಹಗಲೆಲ್ಲ ಬಸ್ಸು ಓಡಿಸಿ ಸಾಲದೆ ಮಲಗಿದ ಮೇಲೂ ಓಡಿಸುತ್ತೀರಲ್ಲ ಎಂಬುದು ಅವನ ಗೊರಕೆಯ ಬಗ್ಗೆ ಅವಳ ಹಳೆಯ ಮಾತು. ಪಕ್ಕದ ಮನೆಯವರು ಗೋಡೆ ಗುದ್ದುವುದನ್ನು ಅವಳು ಅಭಿನಯಿಸಿ ತೋರಿಸುತ್ತಿದ್ದಳು.

"ಏರು ಹತ್ತೋ ಲಾರಿ ಥರ ಗುರ್ ಗುರ್ ಅಂತೀರ ರೀ, ಆಮೇಲೆ ಪಟ್ಟಂತ ಆಫ್. ಮತ್ತೆ ಯಾವಾಗ ಸ್ಟಾರ್ಟ್ ಆಗತ್ತೋ ಅಂತ ನಾನು ಕಾಯ್ತಾ ಕೂತಿರ್ತೀನಿ. ಪಕ್ಕೆಗೆ ತಿವಿದ್ರೆ ಸ್ಟಾರ್ಟ್ ಆಗತ್ತೆ," ಎಂದು ನಕ್ಕಳು.

ಅವನೂ ನಕ್ಕ. ಅವಳ ಕಣ್ಣ ಕೆಳಗಿನ ಕಪ್ಪು ಅವನಿಗೆ ಕಂಡಿತು, ಆದರೆ ಅದರ ಅರ್ಥ ಹೊಳೆಯಲಿಲ್ಲ.

ಅಂದು ಬಸ್ಸು ಕಿಕ್ಕಿರಿದಿತ್ತು. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಜನ ಹಿಂದಿನ ಬಾಗಿಲಲ್ಲಿ ಒಬ್ಬೊಬ್ಬರಾಗಿ ನುಗ್ಗುತ್ತಿದ್ದರು. ಚಿಲ್ಲರೆ ಬಾಗಿಲಿಗೆ ಬರಲಾಗದೆ ನಡುವೆ ಸಿಕ್ಕಿಕೊಂಡಿದ್ದ. ಡ್ರೈವರ್ ಗೇರು ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಹತ್ತುವವರಿಗಾಗಿ ಕಾದ. ಎಂಜಿನ್ನಿನ ಗುನುಗು, ಕಾಲಿಗೆ ತಾಗುವ ಬಿಸಿ ಗಾಳಿ. ಉಸಿರು ನಿಧಾನವಾಗಿ ಎಳೆದ, ಇನ್ನೂ ನಿಧಾನವಾಗಿ ಬಿಟ್ಟ. ಮತ್ತೆ ಎಳೆದದ್ದು ಅವನಿಗೆ ನೆನಪಿಲ್ಲ.

ನಿಂತ ಬಸ್ಸಿನಲ್ಲೂ ಅವನ ಗದ್ದ ಎದೆಗೆ ಇಳಿದದ್ದನ್ನು ಕನ್ನಡಿಯಲ್ಲಿ ಕಂಡ ಚಿಲ್ಲರೆ, ಜನರ ತಲೆಗಳ ಮೇಲಿಂದ ಕೈ ಚಾಚಿ ಹಗ್ಗ ಎಳೆದ. ಮೂರು ಸಲ ಎಳೆದ. ಮೊದಲನೆಯದು ನಿದ್ದೆಯೊಳಗೆ ಮುಳುಗಿಹೋಯಿತು. ಡ್ರೈವರನ ಕಿವಿಗೆ ಬಿದ್ದದ್ದು ಉಳಿದ ಎರಡು. ಎರಡು ಎಂದರೆ ಹೊರಡು. ಎಚ್ಚರವಾಗುವ ಮೊದಲೇ ಕೈಕಾಲು ತಮ್ಮ ಕೆಲಸ ತಾವು ಮಾಡಿದವು. ಬಸ್ಸು ಹೊರಟಿತು.

ಹಿಂದಿನಿಂದ ಚೀರಾಟ ಕೇಳಿ ಅವನು ಬ್ರೇಕಿನ ಮೇಲೆ ನಿಂತ.

ಇಳಿದು ಓಡಿದಾಗ ಡ್ರಿಲ್ ಮೇಷ್ಟ್ರು ರಸ್ತೆಯಲ್ಲಿ ಕೂತಿದ್ದರು. ಒಂದು ಕಾಲು ಮೆಟ್ಟಿಲ ಮೇಲಿದ್ದಾಗಲೇ ಬಸ್ಸು ಎಳೆದುಕೊಂಡು ಹೋಗಿತ್ತು. ಒಂದು ಬೂಟು ಹಿಂದೆ ಉಳಿದಿತ್ತು. ಪ್ಯಾಂಟು ಮಂಡಿಯ ಹತ್ತಿರ ಹರಿದು ರಕ್ತ ಜಿನುಗುತ್ತಿತ್ತು, ಅಂಗೈಯ ಚರ್ಮ ಸುಲಿದಿತ್ತು. ಚಕ್ರ ಅವರಿಂದ ಒಂದು ಮೊಳದಾಚೆ ನಿಂತಿತ್ತು. ಡ್ರೈವರ್ ಆ ಮೊಳದಷ್ಟು ನೆಲವನ್ನು ನೋಡುತ್ತಲೇ ನಿಂತುಬಿಟ್ಟ.

ಜನ ಮೇಷ್ಟ್ರನ್ನು ಎತ್ತಿ ತಂದು ಅವರ ಎಂದಿನ ಸೀಟಿನಲ್ಲಿ ಕೂರಿಸಿದರು. ಈ ವಯಸ್ಸಿನಲ್ಲಿ ಜಾಗ್ರತೆಯಾಗಿ ಹತ್ತಬಾರದೇ ಎಂದು ಒಬ್ಬರು ಅವರಿಗೇ ಬುದ್ಧಿ ಹೇಳಿದರು. ಮೇಷ್ಟ್ರು ಅದನ್ನೇ ಒಪ್ಪಿಕೊಂಡರು. ಊರಿಗೆಲ್ಲ ಕವಾಯತು ಕಲಿಸಿದವನಿಗೆ ಬಸ್ಸು ಹತ್ತಲು ಬರಲಿಲ್ಲ ನೋಡಿ ಎಂದು ನಗಲೂ ನೋಡಿದರು.

ಚಿಲ್ಲರೆ ಇಳಿದು ಬಂದು ಡ್ರೈವರನ ಕಿವಿಯಲ್ಲಿ ಪಿಸುಗುಟ್ಟಿದ. 

"ಅಣ್ಣ, ಯಾರಿಗೂ ಗೊತ್ತಾಗಿಲ್ಲ. ಅವ್ರೇ ತಮ್ಮ ತಪ್ಪು ಅಂತಿದಾರೆ. ಸುಮ್ನೆ ಗಾಡಿ ಎತ್ತು."

ಡ್ರೈವರ್ ಹೋಗಿ ತನ್ನ ಸೀಟಿನಲ್ಲಿ ಕೂತ. ಕೀಲಿಗೆ ಕೈ ಹೋಯಿತು. ಕನ್ನಡಿಯಲ್ಲಿ ಮೇಷ್ಟ್ರು ಸುಲಿದ ಅಂಗೈಗೆ ಊದಿಕೊಳ್ಳುತ್ತಿದ್ದರು. ಅವನು ನೋಡುತ್ತಿದ್ದುದನ್ನು ಕಂಡು, ಹೆದರಬೇಡ, ನಿಧಾನಕ್ಕೆ ಉಸಿರಾಡು ಎಂದು ಕೈಯಲ್ಲೇ ಸನ್ನೆ ಮಾಡಿ ತೋರಿಸಿದರು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅವನು ಕೀಲಿ ತಿರುಗಿಸಿದ. ಎಂಜಿನ್ನು ನಿಂತಿತು.

"ನಿಮ್ಮ ತಪ್ಪಲ್ಲ ಮೇಷ್ಟ್ರೇ. ನನಗೆ ನಿದ್ದೆ ಬಂದುಬಿಟ್ಟಿತ್ತು. ಇವತ್ತಲ್ಲ, ದಿನಾ ಬರತ್ತೆ. ನೀವು ಹೇಳಿದ್ದೆಲ್ಲ ಮಾಡಿದೆ. ಆದರೂ ಬರತ್ತೆ. ಏನು ಮಾಡಬೇಕೋ ಗೊತ್ತಾಗ್ತಿಲ್ಲ."

 ಬಸ್ಸಿನಲ್ಲಿ ಗಲಾಟೆ ಎದ್ದಿತು. ಒಬ್ಬ ಹೆಂಗಸು ಮಗುವನ್ನು ಕಂಕುಳಿಗೆ ಎಳೆದುಕೊಂಡು, ಇಷ್ಟು ದಿನ ನಮ್ಮನ್ನು ಹೀಗೆ ಕರೆದುಕೊಂಡು ಹೋಗ್ತಿದ್ದೆಯಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಕೆಲವರು ಬೈಯುತ್ತ ಇಳಿದುಹೋದರು. ಡ್ರೈವರ್ ಕೀಲಿಯನ್ನು ಚಿಲ್ಲರೆಯ ಕೈಗಿಟ್ಟು, ಡಿಪೋಗೆ ಫೋನು ಮಾಡಿ ಬೇರೆ ಡ್ರೈವರನ್ನು ಕರೆಸು, ಯಾಕೆ ಅಂತಲೂ ಹೇಳು ಎಂದ. ಚಿಲ್ಲರೆ ಫೋನು ಹಿಡಿದು ಕೆಳಗಿಳಿದ. ಗಂಟೆ ಎಳೆದ ಕೈಯನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

ಬದಲಿಯವನು ಬರುವವರೆಗೆ ಡ್ರೈವರ್ ಮೇಷ್ಟ್ರ ಪಕ್ಕದಲ್ಲಿ ಕೂತ. ಪ್ರಯಾಣಿಕರ ಸೀಟಿನಿಂದ ಆ ಬಸ್ಸು ಅವನಿಗೆ ಗುರುತೇ ಸಿಗಲಿಲ್ಲ. ಬಸ್ಸು ತೊಳೆಯುವವನ ಬೆನ್ನು ನೆನಪಾಯಿತು. ಇನ್ನು ಮೇಲೆ ಆ ಪೈಪಿಗೆ ಇಬ್ಬರು ಎಂದುಕೊಂಡ. ಅದರ ಹಿಂದೆಯೇ ಚಕ್ರದ ಮುಂದಿನ ಆ ಒಂದು ಮೊಳ ನೆಲವೂ ಕಣ್ಣಿಗೆ ಬಂತು. ಹೊಸ ಡ್ರೈವರ್ ಬಂದು ಇವನ ಮುಖ ನೋಡದೆ ಸೀಟು ಸರಿಪಡಿಸಿಕೊಂಡ. ಗಂಟೆ ಎರಡು ಸಲ ಹೊಡೆಯಿತು. ಇವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿತು. ಕಾಲುವೆ ಬರುವುದರೊಳಗೆ ಅವನು ನಿದ್ದೆ ಹೋಗಿದ್ದ.

ಯಾರೋ ಭುಜ ಹಿಡಿದು ಅಲುಗಾಡಿಸಿದಾಗ ಎಚ್ಚರವಾಯಿತು. ಗಂಟಲು ಒಣಗಿತ್ತು, ಎದೆ ಡವಗುಟ್ಟುತ್ತಿತ್ತು. ಬಸ್ಸಿನಲ್ಲಿ ಉಳಿದಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ. ಗೊರಕೆಗೆ ನಗುತ್ತಿದ್ದಾರೆ ಎಂದುಕೊಂಡ. ಯಾರೂ ನಗುತ್ತಿರಲಿಲ್ಲ. ಮಗುವಿನ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಭುಜ ಹಿಡಿದಿದ್ದ ಮೇಷ್ಟ್ರ ಸುಲಿದ ಕೈ ಇನ್ನೂ ಬಿಟ್ಟಿರಲಿಲ್ಲ.

"ನಿನ್ನ ಉಸಿರು ನಿಂತುಹೋಗ್ತಿದೆ ಕಣೋ," ಎಂದರು. ಅವರ ದನಿಯಲ್ಲಿ ಮೈದಾನದ ಜೋರು ಇರಲಿಲ್ಲ. "ಗೊರಕೆ ಹೊಡೀತೀಯ, ಆಮೇಲೆ ಉಸಿರೇ ಇಲ್ಲ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮನೇಲಿ ಯಾರೂ ಹೇಳಿಲ್ವಾ?"

ಹೇಳಿದ್ದಳು. ಪಟ್ಟಂತ ಆಫ್ ಎಂದು ನಗುತ್ತ ಹೇಳಿದ್ದಳು. ಕಾಯುತ್ತ ಕೂತಿರುತ್ತೇನೆ ಎಂದೂ ಹೇಳಿದ್ದಳು. ಅವಳು ತನ್ನ ನಿದ್ದೆ ಬಿಟ್ಟು ಪಕ್ಕೆಗೆ ತಿವಿಯುತ್ತಿದ್ದುದು ತಮಾಷೆಗಲ್ಲ. ಮನೆಯಲ್ಲೂ ಅವನಿಗೊಬ್ಬ ಕಂಡಕ್ಟರ್ ಇದ್ದಳು.

ಮೇಷ್ಟ್ರು ತಮ್ಮ ಮೇಲೆ ತಾವೇ ಸಿಟ್ಟಾದವರಂತೆ ಮಾತಾಡುತ್ತಿದ್ದರು. ನೀರು, ಬಿಸಿಲು, ನಡಿಗೆ ಎಲ್ಲ ಒಳ್ಳೆಯದೇ, ಬಿಡಬೇಡ. ಆದರೆ ಇದು ಅವುಗಳ ಕೈ ಮೀರಿದ್ದು. ಇಷ್ಟೆಲ್ಲ ಮಾಡಿಯೂ ಆಯಾಸ ಹೋಗದಿದ್ದರೆ ಮೊದಲೇ ನನಗೆ ಹೇಳಬೇಕಿತ್ತು. ನಾನಾದರೂ ಕೇಳಬೇಕಿತ್ತು. ನಡಿ, ಈಗಲೇ ಡಾಕ್ಟರ ಹತ್ತಿರ ಹೋಗೋಣ, ನನ್ನ ಮಂಡಿಗೂ ಪಟ್ಟಿ ಬೇಕು.

ವಾಸಿಯಾಗುತ್ತದೆಯೇ, ಸ್ಟಿಯರಿಂಗ್ ಮತ್ತೆ ಸಿಗುತ್ತದೆಯೇ ಎಂದು ಅವನು ಕೇಳಿದ. ಗೊತ್ತಿಲ್ಲದ್ದನ್ನು ಹೇಳಲಾರೆ ಎಂದರು ಮೇಷ್ಟ್ರು. ಅವರ ಬಾಯಿಂದ ಅಂಥ ಮಾತು ಅವನು ಕೇಳಿದ್ದು ಅದೇ ಮೊದಲು. ಯಾಕೋ ಅದೇ ಅವನಿಗೆ ಹೆಚ್ಚು ನಂಬಿಕೆ ಹುಟ್ಟಿಸಿತು.

ಅವನು ಹೆಂಡತಿಗೆ ಫೋನು ಮಾಡಿ ಆಸ್ಪತ್ರೆಗೆ ಬಾ ಎಂದಷ್ಟೇ ಹೇಳಿದ. ಏನಾಯಿತೆಂದು ಅವಳು ಗಾಬರಿಯಾದಾಗ, ನೀನು ಲಾರಿ ಅಂತಿದ್ದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಬೇಕು, ನನಗೆ ಹೇಳೋಕೆ ಬರಲ್ಲ ಎಂದ.  ಆ ಕಡೆಯಿಂದ ಮೂಗು ಸೊರಕ್ಕೆಂದ ಸದ್ದು ಕೇಳಿತು.

ಆಸ್ಪತ್ರೆ ಕಂಡಾಗ ಚಿಲ್ಲರೆ ಹಗ್ಗಕ್ಕೆ ಕೈ ಹಾಕಿ, ಅಣ್ಣನ ಕಡೆ ಒಮ್ಮೆ ನೋಡಿ, ಒಂದೇ ಸಲ ಎಳೆದ. ಬಸ್ಸು ನಿಂತಿತು. ಡ್ರೈವರ್ ಮೊದಲು ಇಳಿದು, ಮೇಷ್ಟ್ರ ಎರಡು ಕಾಲೂ ನೆಲಕ್ಕೆ ತಾಗುವವರೆಗೆ ಬಾಗಿಲ ಸರಳು ಹಿಡಿದುಕೊಂಡೇ ನಿಂತ.