ಅವಳ ಅಳತೆಯ ಗಾಡಿ

ಹಳ್ಳದ ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಬೈಕಿನ ಹ್ಯಾಂಡಲ್ಲು ಸತ್ತ ಕೋಳಿಯ ಕುತ್ತಿಗೆಯಂತೆ ಮುಂದಕ್ಕೆ ವಾಲಿತು. ಶಿವಲೀಲಾ ಜಾಲಿಗಿಡದ ಬುಡದಲ್ಲಿ ಹೋಗಿ ಬಿದ್ದಳು. ಹೆಗಲ ಮೂಳೆ ಮುರಿದಿತ್ತು, ಲಸಿಕೆಯ ಡಬ್ಬಿ ಒಡೆದು ಮಂಜುಗಡ್ಡೆ ಮಣ್ಣುಪಾಲಾಗಿತ್ತು. ಆ ನೋವಿನಲ್ಲೂ ಒಂದು ಸಂಗತಿ ಅವಳಿಗೆ ಸ್ಪಷ್ಟವಾಗಿ ನೆನಪಾಯಿತು. ಹಿಂದಿನ ಸಂಜೆ ಮೈದುನ ಹುಲುಗೇಶ ಪಾನಾ ಹಿಡಿದು ಗಾಡಿಯ ಪಕ್ಕ ಕೂತಿದ್ದ. "ಎಲ್ಲಾ ಬಿಗಿ ಮಾಡೀನಿ ಅತ್ತಿಗಿ" ಎಂದಿದ್ದ.

ಗಾಡಿ ಅವಳ ಗಂಡ ಕೊಟ್ರಸ್ವಾಮಿಯದು. ಅವನು ಕಾಮಾಲೆಯಿಂದ ತೀರಿಕೊಂಡ ಮೇಲೆ ಅವಳು ಅದನ್ನೇ ಓಡಿಸಿಕೊಂಡು ಕಾನಹೊಸಹಳ್ಳಿ ಸುತ್ತಲಿನ ಕುರಿಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದಳು. ಅಣ್ಣನ ಗಾಡಿ ತನಗೇ ಬರಬೇಕೆಂದು ಹುಲುಗೇಶನ ಹಟ. ಅವಳು ಬಿದ್ದ ಮೇಲೆ ಬಂದೇ ಬಂತು. ಕೈಗೆ ಜೋಳಿಗೆ ಕಟ್ಟಿಕೊಂಡು ಅವಳು ಒಳಗೆ ಕೂತಿದ್ದರೆ ಅವನು ಅಂಗಳದಲ್ಲಿ ಗಾಡಿ ಏರಿ, "ಹೆಣ್ಮಕ್ಕಳ ಕಾಲಿಗೆ ನೆಲಾನ ಸಿಗಂಗಿಲ್ಲ, ಗಾಡಿ ಹೆಂಗ ಹಿಡೀತಾರ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದ. ಅತ್ತೆ ಮರುಳಸಿದ್ದಮ್ಮ ಕೇಳಿಸಿಕೊಂಡೂ ಜೋಳ ಹಸನು ಮಾಡುತ್ತಿದ್ದಳು. ಶಿವಲೀಲಾ ಆ ನಗುವನ್ನು ತುತ್ತಿನ ಜೊತೆ ನುಂಗುತ್ತಿದ್ದಳು.

ಮೂಳೆ ಕೂಡಿದ ಮೇಲೆ ಊರ ಹಿರಿಯರನ್ನು ಕೂಡಿಸಿ ಗಾಡಿ ಬಿಡಿಸಿಕೊಂಡಳು. ಸೀದಾ ಕೊಟ್ಟೂರಿಗೆ, ಗಾಡಿ ಸೀಟು ಹೊಲಿಯುವ ಮೆಹರೀನಳ ಅಂಗಡಿಗೆ ಹೋದಳು.

"ಹತ್ತಿ ಕೂಡ್ರಿ ಅಕ್ಕಾ, ಕಾಲು ಊರ್ರಿ" ಎಂದು ಮೆಹರೀನ ದೂರ ನಿಂತು ನೋಡಿದಳು. ಶಿವಲೀಲಾಳ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. "ಹಿಂಗ ಕೈ ಚಾಚಿ ಹಿಡಿದ್ರ ಬೆನ್ನೂ ನೋಯ್ತೈತಿ, ಗಾಡೀನೂ ನಿಮ್ಮ ಮಾತು ಕೇಳಂಗಿಲ್ಲ. ಮೊಣಕೈ ಸ್ವಲ್ಪ ಬಗ್ಗಿರಬೇಕು. ಟ್ಯಾಂಕನ್ನ ಮೊಣಕಾಲಾಗ ಅವಚಿ ಹಿಡೀರಿ, ಭಾರ ಕೈ ಮ್ಯಾಲೆ ಬಿಡಬ್ಯಾಡ್ರಿ."

ಸೀಟಿನ ಸ್ಪಂಜು ಕೊಯ್ದು ತಗ್ಗಿಸಿದಳು. ಮುಂದಿನ ಭಾಗ ಕಿರಿದು ಮಾಡಿ, ಹ್ಯಾಂಡಲ್ಲನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಬಿಗಿದಳು. ಮತ್ತೆ ಹತ್ತಿದಾಗ ಶಿವಲೀಲಾಳ ಹಿಮ್ಮಡಿ ನೆಲಕ್ಕೆ ಊರಿತು. ಗಾಡಿ ಅವಳ ಸೊಂಟಕ್ಕೇ ಬೆಳೆದಂತಿತ್ತು.

"ಇದು ನಿಮ್ಮ ಅಳತಿ. ಉದ್ದ ಕಾಲಿನೋರಿಗೆ ಕೊಡಬ್ಯಾಡ್ರಿ" ಎಂದಳು ಮೆಹರೀನ. "ಪೂರಾ ತಿರುಗಿಸಿದ್ರ ಹ್ಯಾಂಡಲ್ ಮೊಣಕಾಲಿಗೆ ಸಿಕ್ಕೊಂತೈತಿ. ಬೀಳ್ತಾರ."

ಆ ಮಾತನ್ನು ಶಿವಲೀಲಾ ದಾರಿಯುದ್ದಕ್ಕೂ ಬೆಲ್ಲದ ಚೂರಿನಂತೆ ಬಾಯಲ್ಲಿಟ್ಟುಕೊಂಡು ಬಂದಳು. ಹುಲುಗೇಶ ಊರಿಗೇ ಉದ್ದ ಕಾಲಿನವನು.

ಸಂತೆಯ ದಿನ ಬೀಗದ ಕೈಯನ್ನು ಅವನ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಮೊಳೆಗೆ ಹಾಕಿ, ತಾನು ಆಟೋ ಹತ್ತಿ ಕಾನಹೊಸಹಳ್ಳಿಗೆ ಹೋದಳು. ದೊಡ್ಡ ರಸ್ತೆಯಿಂದ ಸಂತೆಯ ಓಣಿಗೆ ತಿರುಗುವ ಮೂಲೆಯಲ್ಲಿ, ಚಹಾದಂಗಡಿಯ ಮುಂದೆ ನಿಂತಳು. ಅವನು ಬಂದ. ಕಪ್ಪೆಯಂತೆ ಮೊಣಕಾಲು ಅಗಲಿಸಿಕೊಂಡು, ಮೊಗದಲ್ಲಿ ಅದೇ ನಗು ಹೊತ್ತು ಬಂದ. ಓಣಿಗೆ ತಿರುಗಿಸಿದಾಗ ಹ್ಯಾಂಡಲ್ಲು ಮೊಣಕಾಲಿಗೆ ಸಿಕ್ಕಿ ನಿಂತಿತು. ನಗು ಹೋಗಿ ಅಲ್ಲಿ ಹೆದರಿಕೆ ಬಂದದ್ದನ್ನು ಅವಳು ಕಣ್ತುಂಬ ನೋಡಿದಳು. ಗಾಡಿ ಅವನ ಮೇಲೆ ಒರಗಿತು. ಚಹಾ ಕುಡಿಯುತ್ತಿದ್ದವರು ಮೊದಲು ನಕ್ಕರು, ಮಣಿಕಟ್ಟು ಡೊಂಕಾಗಿದ್ದನ್ನು ಕಂಡು ಓಡಿ ಬಂದರು.

"ಏಳು, ದವಾಖಾನಿಗೆ ಹೋಗೂಣು" ಎಂದು ಅವಳು ಗಾಡಿ ಎತ್ತಿ ನಿಲ್ಲಿಸಿದಳು.

"ಆಟೋ ಕರೀರಿ ಅತ್ತಿಗಿ."

"ಗಾಡಿ ಐತಲ್ಲ."

ದವಾಖಾನೆಯಿದ್ದ ಕೂಡ್ಲಿಗಿಗೆ ಹೈವೇ ನುಣ್ಣಗಿತ್ತು. ಅವಳು ಹಳ್ಳಿಗಳ ಒಳದಾರಿ ಹಿಡಿದಳು. ಅಲ್ಲಿ ಉಬ್ಬುಗಳು ಹೆಚ್ಚು. ಹಿಂದೆ ಕೂತವನು ಪ್ರತಿ ಉಬ್ಬಿಗೂ ನರಳಿದ.

"ಮೆಲ್ಲಕ, ಅತ್ತಿಗಿ."

"ಅವತ್ತು ಹ್ಯಾಂಡಲ್ ಬೋಲ್ಟು ಸಡ್ಲ ಮಾಡಿದಾಂವ ನೀನ ಹೌದಲ್ಲೋ?"

ಮುಂದಿನ ಉಬ್ಬನ್ನು ಅವಳು ಇನ್ನೂ ಜೋರಾಗಿ ಹಾರಿಸಿದಳು.

"ಹೌದು, ನಾನ. ತಪ್ಪಾತು, ಕಾಲಿಗೆ ಬೀಳ್ತೀನಿ" ಎಂದು ಅತ್ತ.

ಕೇಳಿಸಲಿಲ್ಲ ಎಂದು ಮತ್ತೊಮ್ಮೆ ಹೇಳಿಸಿದಳು. ಅಷ್ಟು ಹಿತವಾಗಿ ಅವಳು ಎಂದೂ ಗಾಡಿ ಓಡಿಸಿರಲಿಲ್ಲ.

ಅವನ ಕೈಗೆ ಪಟ್ಟಿ ಹಾಕುವ ಹೊತ್ತಿಗೆ ಮರುಳಸಿದ್ದಮ್ಮ ದವಾಖಾನೆಗೆ ಬಂದಳು. ಜಗಲಿಯಲ್ಲಿ ಸೊಸೆಯ ಪಕ್ಕ ಕೂತಳು.

"ಅವ ಬೀಳ್ತಾನಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಅತ್ತಿ."

"ಅವತ್ತು ಅವ ಬೋಲ್ಟು ಬಿಚ್ಚೋದನ್ನ ನಾನೂ ನೋಡಿದ್ದೆ. ಒಮ್ಮಿ ಬಿದ್ರ ಹೆದ್ರಿ ಮನ್ಯಾಗ ಇರ್ತಾಳ ಅಂದ್ಕೊಂಡೆ."

ದಾರಿಯಲ್ಲಿ ಎಲ್ಲ ಇಳಿದುಹೋಯಿತು ಅಂದುಕೊಂಡಿದ್ದ ವಿಷ ಶಿವಲೀಲಾಳ ಎದೆಗೆ ಮತ್ತೆ ಏರಿತು. ಕಾಮಾಲೆಯ ಗಂಡನಿಗೆ ತಾನು ಗಂಜಿ ಕುಡಿಸುವಾಗ ಅವನ ತಲೆ ಹಿಡಿದಿದ್ದದ್ದು ಅತ್ತೆಯ ಈ ಕೈಗಳೇ.

"ನಾ ಸತ್ತಿದ್ರ?"

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವಲೀಲಾ ಎದ್ದು ಗಾಡಿಯ ಹತ್ತಿರ ಹೋದಳು. ಅತ್ತೆಯೂ ಹಿಂದೆಯೇ ಬಂದು ಸೀಟಿನ ಮೇಲೆ ಕೈಯಿಟ್ಟು, "ನನ್ನೂ ಕರ್ಕೊಂಡು ಹೋಗವಾ" ಎಂದಳು.

"ಮಗನ್ನ ಕರ್ಕೊಂಡು ಬಸ್ಸಿಗೆ ಹೋಗ್ರಿ" ಎಂದು ಶಿವಲೀಲಾ ಗಾಡಿ ಚಾಲೂ ಮಾಡಿದಳು.

ಕಾನಹೊಸಹಳ್ಳಿಯ ದಾರಿ ಬಿಟ್ಟು ಕೊಟ್ಟೂರಿನ ದಾರಿ ಹಿಡಿದಳು. ತವರು ಅದರಾಚೆ, ಉಚ್ಚಂಗಿದುರ್ಗದ ಹತ್ತಿರ. ಆ ವಾರವೇ ಅಲ್ಲಿನ ಹಟ್ಟಿಗಳಲ್ಲಿ ಲಸಿಕೆ ಹಾಕತೊಡಗಿದಳು. ಮನೆಗೆ ಮರಳಿ ಬಾ ಎಂದು ಅತ್ತೆ ಮತ್ತೆ ಮತ್ತೆ ಹೇಳಿಕಳಿಸಿದಳು. ಬಂದವರಿಗೆ ಚಹಾ ಕೊಟ್ಟು ಕಳಿಸಿದಳೇ ಹೊರತು ಶಿವಲೀಲಾ ಉತ್ತರ ಕೊಡಲಿಲ್ಲ.